ಈಶಾನ್ಯದಲ್ಲಿಲ್ಲದ ಚುಕ್ಕಿ

ನಕ್ಷತ್ರಗಳನ್ನು ಹುಡುಕುವವರು ಇರುಳೆಲ್ಲ ಎಚ್ಚರವಿರುತ್ತಾರೆಂದು ಜನ ಭಾವಿಸುತ್ತಾರೆ. ನಾನೂ ನನ್ನ ಪತ್ನಿಯೂ ಅವುಗಳನ್ನು ಹುಡುಕಿದ್ದು ಹಾಡುಹಗಲಿನಲ್ಲಿ. ಬೆಳಗಿನ ಶಿವಪೂಜೆ ಮುಗಿದು, ಪ್ರಸಾದ ಸ್ವೀಕರಿಸಿ, ಹಣೆಯ ವಿಭೂತಿ ಇನ್ನೂ ಆರುವ ಮೊದಲೇ ದಾವಣಗೆರೆಯ ದೇವರಾಜ ಅರಸು ಬಡಾವಣೆಯ ನಮ್ಮ ಮನೆಯ ನಡುಮನೆಯಲ್ಲಿ ಲ್ಯಾಪ್‌ಟಾಪಿನ ಮುಂದೆ ಕುಳಿತುಬಿಡುತ್ತಿದ್ದೆವು. ಪೂರ್ವದ ಕಿಟಕಿಯ ಬಿಸಿಲು ನೇರವಾಗಿ ಪರದೆಯ ಮೇಲೆ ಬಿದ್ದು ಕಣ್ಣು ಕೋರೈಸುತ್ತದೆಂದು ಅವಳು ತನ್ನ ಹಳೆಯ ಇಳಕಲ್ ಸೀರೆಯೊಂದನ್ನು ಕಿಟಕಿಗೆ ಅಡ್ಡ ಕಟ್ಟಿದ್ದಳು. ಸೂರ್ಯನ ನೆರೆಹೊರೆಯವರನ್ನು ಕಾಣುವ ಆಸೆಗೆ ಸೂರ್ಯನನ್ನೇ ಹೊರಗೆ ನಿಲ್ಲಿಸಿದ ಮನೆ ನಮ್ಮದು. ಇದಕ್ಕಾಗಿ ನಾನು ಪ್ರತಿದಿನ ಮನಸ್ಸಿನಲ್ಲೇ ಭಾಸ್ಕರನ ಕ್ಷಮೆ ಕೇಳುತ್ತಿದ್ದೆ.

ನಾನು ಬಾಲ್ಯದಲ್ಲಿ ಮಠದ ಪಾಠಶಾಲೆಯಲ್ಲಿ ವ್ಯಾಕರಣ, ಕಾವ್ಯಗಳನ್ನು ಓದಿದವನು. ಆಮೇಲೆ ಇದೇ ಊರಿನ ಕಾಲೇಜೊಂದರಲ್ಲಿ ಸಂಸ್ಕೃತ ಕಲಿಸಿ ನಿವೃತ್ತನಾದವನು. ಲ್ಯಾಪ್‌ಟಾಪನ್ನು ಕೊಂಡದ್ದು ಹಳೆಯ ಸ್ತೋತ್ರವೊಂದಕ್ಕೆ ನಾನು ಬರೆಯುತ್ತಿದ್ದ ಟೀಕೆಯನ್ನು ಅಚ್ಚುಕಟ್ಟಾಗಿ ಟೈಪಿಸುವ ಉದ್ದೇಶದಿಂದ. ಆ ಟೀಕೆ ಇಂದಿಗೂ ನಾಲ್ಕನೆಯ ಶ್ಲೋಕದಲ್ಲೇ ನಿಂತಿದೆ. ಕಾರಣ, ಒಂದು ಭಾನುವಾರ ಪತ್ರಿಕೆಯಲ್ಲಿ ಓದಿದ ಬರಹ. ಸೂರ್ಯನ ಹತ್ತಿರದಲ್ಲೇ, ಯಾರ ಕಣ್ಣಿಗೂ ಬೀಳದೆ, ಮಂಕಾದ ತಣ್ಣನೆಯ ಕುಬ್ಜ ನಕ್ಷತ್ರಗಳು ಅಡಗಿವೆಯಂತೆ. ಆಕಾಶದಲ್ಲಿ ಸುತ್ತುವ ದೂರದರ್ಶಕವೊಂದು ವರುಷಗಟ್ಟಲೆ ತೆಗೆದ ಚಿತ್ರಗಳು ರಾಶಿ ಬಿದ್ದಿವೆಯಂತೆ. ಅವನ್ನೆಲ್ಲ ನೋಡಿ ಮುಗಿಸಲು ವಿಜ್ಞಾನಿಗಳಿಗೆ ಪುರುಸೊತ್ತಿಲ್ಲ, ಯಂತ್ರಗಳು ಮೋಸಹೋಗುತ್ತವೆ. ಆದ್ದರಿಂದ ಕಣ್ಣುಳ್ಳ ಯಾರಾದರೂ ಕುಳಿತು ನೋಡಬಹುದು, ಕಂಡದ್ದನ್ನು ಬರೆದು ತಿಳಿಸಬಹುದು ಎಂದಿತ್ತು. ಕಣ್ಣುಳ್ಳ ಯಾರಾದರೂ ಎಂಬ ಆ ಮಾತು ನನ್ನ ಪತ್ನಿಯ ಮನಸ್ಸಿಗೆ ನೇರ ತಾಗಿತು.

ಅವಳು ಹೆಣ್ಣುಮಕ್ಕಳ ಶಾಲೆಯಲ್ಲಿ ಹೊಲಿಗೆ ಕಲಿಸಿದವಳು. ದೀಪದ ಬೆಳಕಿನಲ್ಲಿಯೂ ಒಂದೇ ಸಲಕ್ಕೆ ಸೂಜಿಗೆ ದಾರ ಪೋಣಿಸುತ್ತಿದ್ದ ಕಣ್ಣು ಅವಳದು. ಅಂಥ ಕಣ್ಣಿಗೆ ಪೊರೆ ಬಂದು ಎರಡು ವರುಷ ಜಗತ್ತೆಲ್ಲ ಹಾಲು ಚೆಲ್ಲಿದ ಗಾಜಿನಂತಾಯಿತು. ಆಪರೇಶನ್ನಿಗೆ ಅವಳ ಸಕ್ಕರೆ ಕಾಯಿಲೆ ಅಡ್ಡ ಬಂದಿತ್ತು. ಆ ಅವಧಿಯಲ್ಲಿ ಅಕ್ಕಿ ಆರಿಸಿದವನು ನಾನು, ಪತ್ರಿಕೆ ಓದಿ ಹೇಳಿದವನು ನಾನು, ಹಾದಿಯಲ್ಲಿ ಎದುರಾದವರು ಯಾರೆಂದು ತಿಳಿಸಿದವನು ನಾನು. “ನಿನಗೆ ಕಾಣಲ್ಲ, ಬಿಡು” ಎಂಬ ಮಾತು ಮನೆಯವರೆಲ್ಲರ ನಾಲಗೆಯ ಮೇಲೆ ಕುಳಿತುಬಿಟ್ಟಿತ್ತು. ಕೊನೆಗೊಮ್ಮೆ ಎರಡೂ ಕಣ್ಣಿನ ಆಪರೇಶನ್ ಆಗಿ ಪಟ್ಟಿ ಬಿಚ್ಚಿದ ದಿನ ಅವಳು ದೇವರಮನೆಯ ಬಾಗಿಲಲ್ಲಿ ನಿಂತು, “ಅಯ್ಯೋ, ಈ ಬೆಳ್ಳಿ ತಂಬಿಗೆ ಇಷ್ಟು ನೀಲಿ ಇತ್ತಾ!” ಎಂದು ಅತ್ತಳು, ನಕ್ಕಳು. ಪತ್ರಿಕೆಯ ಆ ಬರಹವನ್ನು ತಾನೇ ಓದಿದಳು. ಓದಿ ಮುಗಿಸಿ ಒಂದು ಮಾತು ಹೇಳಿದಳು: “ಎರಡು ವರ್ಷ ಬ್ಯಾರೆಯವರು ತೋರಿಸಿದ್ದನ್ನೇ ನೋಡಿದೆ. ಯಾರೂ ಕಾಣದ್ದು ಒಂದು, ನಾನೇ ಮೊದಲು ಕಾಣಬೇಕು ನೋಡ್ರಿ.”

ಅಂದಿನಿಂದ ನಮ್ಮ ಮನೆಯಲ್ಲಿ ಹೊಸ ಅನುಷ್ಠಾನ ಶುರುವಾಯಿತು.

ಪರದೆಯ ಮೇಲೆ ಆಕಾಶದ ಒಂದು ಪುಟ್ಟ ಚೌಕ ಮೂಡುತ್ತದೆ. ಅದೇ ಚೌಕವನ್ನು ಬೇರೆ ಬೇರೆ ವರುಷಗಳಲ್ಲಿ ತೆಗೆದ ಚಿತ್ರಗಳು ಒಂದರ ಹಿಂದೊಂದು ಬರುತ್ತವೆ. ದೂರದ ನಕ್ಷತ್ರಗಳು ಕುಳಿತಲ್ಲೇ ಕುಳಿತಿರುತ್ತವೆ. ಹತ್ತಿರದ್ದು ಮಾತ್ರ ಚಿತ್ರದಿಂದ ಚಿತ್ರಕ್ಕೆ ಚೂರು ಚೂರು ಸರಿಯುತ್ತದೆ. ದಾವಣಗೆರೆಯಿಂದ ಹರಿಹರಕ್ಕೆ ಬಸ್ಸಿನಲ್ಲಿ ಹೋದವರಿಗೆ ಇದು ಹೊಸತಲ್ಲ. ರಸ್ತೆ ಬದಿಯ ಬೇವಿನ ಮರಗಳು ಓಡೋಡಿ ಹಿಂದಾಗುತ್ತವೆ, ಬಾತಿಯ ಗುಡ್ಡ ಮಾತ್ರ ಬಹಳ ಹೊತ್ತು ನಮ್ಮೊಡನೆ ಬರುತ್ತದೆ. ಈ ಕುಬ್ಜಗಳಿಗೆ ಕಣ್ಣಿಗೆ ಕಾಣುವ ಬೆಳಕು ಇಲ್ಲವೆಂದೇ ಹೇಳಬೇಕು. ನಕ್ಷತ್ರವಾಗಲೆಂದು ಹುಟ್ಟಿ, ಒಡಲಲ್ಲಿ ಬೆಂಕಿ ಹೊತ್ತುವಷ್ಟು ತೂಕವಿಲ್ಲದೆ, ಹುಟ್ಟಿದಾಗಿನ ಕಾವನ್ನೇ ಮೆಲ್ಲಗೆ ಕಳೆದುಕೊಳ್ಳುತ್ತ ಆರುತ್ತಿರುವ ಜೀವಗಳು ಅವು. ಆ ಉಳಿದ ಕಾವನ್ನೇ ದೂರದರ್ಶಕ ಹಿಡಿದಿರುತ್ತದೆ. ತೀರ ತಣ್ಣಗಿರುವುದು ಕಿತ್ತಳೆ ಬಣ್ಣದ ಚುಕ್ಕಿಯಾಗಿ ಕಾಣುವಂತೆ ಚಿತ್ರಕ್ಕೆ ಬಣ್ಣ ಕೊಟ್ಟಿರುತ್ತಾರೆ. ಅಂದರೆ, ಕಿತ್ತಳೆ ಬಣ್ಣದ ನಡೆದಾಡುವ ಚುಕ್ಕಿ ಸಿಕ್ಕರೆ ಅದು ನಮ್ಮ ನೆಂಟ.

ಮೊದಲ ದಿನಗಳಲ್ಲಿ ನನಗೆ ನೆಂಟರು ಧಾರಾಳವಾಗಿ ಸಿಕ್ಕರು. ನಾನು ಉತ್ಸಾಹದಿಂದ ಬರೆದು ಕಳಿಸಿದ್ದೇ ಕಳಿಸಿದ್ದು. ಪ್ರತಿ ಸಲವೂ ವಿನಯದ ಉತ್ತರ ಬರುತ್ತಿತ್ತು: ತಮ್ಮ ಶ್ರಮಕ್ಕೆ ಕೃತಜ್ಞತೆ, ಆದರೆ ಇದು ಪಕ್ಕದ ದೊಡ್ಡ ನಕ್ಷತ್ರದ ಬೆಳಕು ಮಸೂರದೊಳಗೆ ಚದುರಿ ಬಿದ್ದ ಛಾಯೆ, ನಿಜವಾದ ಕಾಯವಲ್ಲ. ಅವರ ಭಾಷೆಯಲ್ಲಿ ಅದಕ್ಕೆ ಭೂತ ಎಂದೇ ಹೆಸರು.

“ಇವತ್ತು ಎಷ್ಟು ಭೂತ ಹಿಡಿದ್ರಿ?” ಎಂದು ಪತ್ನಿ ಅಡುಗೆಮನೆಯಿಂದ ಕೇಳುತ್ತಿದ್ದಳು. “ಶಿವಪೂಜೆ ಮಾಡೋರ ಮನ್ಯಾಗೆ ದಿನಾ ಭೂತ ಹಿಡಿಯೋ ಕೆಲಸ ಆತಲ್ರೀ.”

ಅವಳು ಮಾತ್ರ ಏನನ್ನೂ ಕಳಿಸುತ್ತಿರಲಿಲ್ಲ. ಬಟ್ಟೆಯ ಮೇಲೆ ಗೆರೆ ಎಳೆಯುವವರೆಗೂ ಕತ್ತರಿ ಮುಟ್ಟದವಳು ಅವಳು. ಚೌಕದ ಮೇಲಿನ ಅಂಚಿನಿಂದ ಕೆಳಗಿನವರೆಗೆ ಕಣ್ಣನ್ನು ಸಾಲು ಸಾಲಾಗಿ ನಡೆಸುತ್ತಿದ್ದಳು. ಅಂಗೈಯಲ್ಲಿ ಇಷ್ಟಲಿಂಗವನ್ನಿಟ್ಟು ದೃಷ್ಟಿ ನಿಲ್ಲಿಸಿ ರೂಢಿಯಾದವಳಿಗೆ ರೆಪ್ಪೆ ಬೇಗ ಆಡುತ್ತಿರಲಿಲ್ಲ. ನಾನು ಪಕ್ಕದಲ್ಲಿ ಕುಳಿತು ಅದನ್ನೇ ನೋಡುತ್ತಿದ್ದುದೂ ಉಂಟು. ಆಕಾಶಕ್ಕಿಂತ ಅದು ನೋಡಲು ಚೆನ್ನಾಗಿರುತ್ತಿತ್ತು.

ಒಂದು ಬೆಳಿಗ್ಗೆ ನಾನು ತುಳಸಿಗೆ ನೀರೆರೆಯುತ್ತಿದ್ದಾಗ ಒಳಗಿನಿಂದ ಕೂಗು ಬಂತು.

“ರೀ, ಬರ್ರಿ ಇಲ್ಲಿ! ಹೊಂಟೈತೆ ನೋಡ್ರಿ!”

“ಏನು ಹೊಂಟೈತೆ? ಹಾಲು ಉಕ್ಕಿತಾ?”

“ಚುಕ್ಕಿ ರೀ! ಕಿತ್ಲೆ ಹಣ್ಣಿನ ಬಣ್ಣ. ಬಲಗಡೆ, ಮ್ಯಾಲಿನ ಮೂಲ್ಯಾಗೆ. ಒಂದೊಂದೇ ಹೆಜ್ಜೆ ಇಟ್ಕಂತ ಹೊಂಟೈತೆ.”

ನಾನು ಕನ್ನಡಕ ಒರೆಸಿ ಬಗ್ಗಿ ನೋಡಿದೆ. ಚುಕ್ಕಿಗಳಿದ್ದವು. ಎಲ್ಲವೂ ನನಗೆ ಹಳೆಯ ಪುಸ್ತಕದ ಹಾಳೆಯ ಬಣ್ಣದಲ್ಲೇ ಕಂಡವು. ಯಾವುದೂ ಕಿತ್ತಳೆಯಲ್ಲ; ಯಾವುದೂ ಹೊರಟಿರಲಿಲ್ಲ.

“ನನಗೇನೂ ಕಾಣಲ್ಲ. ಹೊಸದಾಗಿ ಆಪರೇಶನ್ ಆದ ಕಣ್ಣು, ಕೆಲವು ದಿನ ಏನೇನೋ ಬಣ್ಣ ಕಾಣ್ತೈತಂತೆ. ಬಿಡು” ಎಂದೆ.

ಅವಳು ಕುರ್ಚಿಯನ್ನು ತಿರುಗಿಸಿ ನನ್ನನ್ನೇ ನೋಡಿದಳು. “ನಿಮಗೆ ಕಾಣದಿದ್ರೆ ಇಲ್ಲಾ ಅಂತಾನಾ? ದಿನಾ ಪೂಜೆ ಮಾಡ್ತೀರಲ್ಲ, ದೇವರು ಕಂಡಾನಾ ನಿಮಗೆ?”

ಅವಳು ಆಗಲೇ ಹರಿಹರಕ್ಕೆ ಫೋನು ಮಾಡುತ್ತಿದ್ದಳು.

ಹರಿಹರದ ಆಚಾರ್ಯರು ನನ್ನ ಸಹಪಾಠಿ. ತುಂಗಭದ್ರೆಯ ದಡದಲ್ಲಿ ಮನೆ. ಜ್ಯೋತಿಷ, ವಾಸ್ತು ಎರಡರಲ್ಲೂ ಪಂಡಿತರು. ಎರಡೂ ಊರುಗಳಲ್ಲಿ ಅವರು ಬಂದು ಮೂಲೆ ತೋರಿಸದೆ ಪಾಯ ತೋಡುವವರು ಕಡಿಮೆ. ನಮ್ಮ ಮನೆಗೂ ಅವರದೇ ನಕ್ಷೆ. ಮಾತು ಮಾತ್ರ ದೇವಸ್ಥಾನದ ನಗಾರಿಯಂತೆ: ಆಚೆ ಬೀದಿಗೂ ಕೇಳಬೇಕು. ಈ ಕುಬ್ಜಗಳು ಪೂರ್ತಿ ನಕ್ಷತ್ರವೂ ಅಲ್ಲ, ಪೂರ್ತಿ ಗ್ರಹವೂ ಅಲ್ಲವೆಂದು ಹಿಂದೆ ನಾನು ತಬ್ಬಿಬ್ಬಾಗಿದ್ದಾಗ ಸಮಾಧಾನ ಹೇಳಿದವರು ಅವರೇ: “ಅರ್ಧ ಹರಿ, ಅರ್ಧ ಹರ, ಒಂದೇ ಕಲ್ಲು. ನಮ್ಮೂರಾಗೆ ದಿನಾ ಅದಕ್ಕೇ ಕೈ ಮುಗೀತೀವಿ. ನಿಮ್ಮದು ಅರ್ಧ ಗ್ರಹ ಆದ್ರೆ ಏನು ಗಂಟು ಹೋಗ್ತೈತ್ರಿ?”

ಫೋನಿನಲ್ಲಿ ವಿಷಯ ಕೇಳಿ ಅವರು ಮುಂದಿನ ಬಸ್ಸಿಗೇ ಹೊರಟು ಬಂದರು. ಚಪ್ಪಲಿ ಬಿಟ್ಟು, ಕಾಲು ತೊಳೆದು, ದೇವರಿಗೆ ಕೈಮುಗಿದು, ಒಂದೇ ನೋಟ ನೋಡಿದರು.

“ಐತಲ್ರೀ! ಬರಾಬರ್ ಐತೆ! ತಂಗೀ, ಇದು ನಡಕಂತ ಹೊಂಟೈತೆ!” ಅವರು ಮೇಜಿಗೆ ಬಡಿದ ಪೆಟ್ಟಿಗೆ ಕಾಫಿಯ ಲೋಟ ಕುಣಿಯಿತು. “ಮೇಷ್ಟ್ರೇ, ನಿಮಗೆ ಕಾಣ್ಲಿಲ್ಲಾ? ಹಂಗಾರೆ ಇಷ್ಟು ದಿನ ಕುಂತು ಏನ್ ನೋಡ್ತಿದ್ರಿ?”

“ಪರದೆ ಮ್ಯಾಲಿನ ಧೂಳು” ಎಂದಳು ಪತ್ನಿ.

ಅವಳ ಮುಖದಲ್ಲಿ ಅಂದು ಕಂಡ ಬೆಳಕನ್ನು ವರ್ಣಿಸಲು ನನ್ನ ಅಲಂಕಾರಶಾಸ್ತ್ರ ಸಾಲದು. ಆಚಾರ್ಯರೂ ಅವಳೂ ಅಕ್ಷರಶಃ ಕುಣಿದರು. ಅವಳು ಸಕ್ಕರೆಯ ಡಬ್ಬಿ ತಂದು ಎಲ್ಲರ ಬಾಯಿಗೂ ಹಾಕಿದಳು. ತನಗೆ ಸಕ್ಕರೆ ಕಾಯಿಲೆಯಿದೆಯೆಂದು ನೆನಪಾದದ್ದು ನುಂಗಿದ ಮೇಲೆ.

ಕಳಿಸುವ ಮೊದಲು ಒಂದು ಕೆಲಸವಿತ್ತು. ಈಗಾಗಲೇ ಗೊತ್ತಿರುವ ಕುಬ್ಜಗಳ ಪಟ್ಟಿಯೊಡನೆ ಹೋಲಿಸಿ ನೋಡಬೇಕು, ಅದರಲ್ಲಿದ್ದರೆ ಕಳಿಸುವಂತಿಲ್ಲ. ನಾನು ಪಟ್ಟಿ ತೆರೆದೆ. ಆ ಚೌಕದಲ್ಲಿ ಗೊತ್ತಿರುವ ಕುಬ್ಜ ಒಂದಿತ್ತು. ಚೌಕದ ನಡುವಿನಿಂದ ಈಶಾನ್ಯಕ್ಕೆ, ಅಂಚಿನ ಸಮೀಪ ಎಂದು ಬರೆದಿತ್ತು.

ಆಚಾರ್ಯರ ಕುಣಿತ ನಿಂತಿತು. ಅವರು ಪರದೆಯ ಮುಂದೆ ನಿಂತು ಮನೆಯ ನಕ್ಷೆ ನೋಡುವ ಗಾಂಭೀರ್ಯದಲ್ಲಿ ಬೆರಳಾಡಿಸಿದರು. “ಚಿತ್ರದಾಗೆ ಉತ್ತರ ಮ್ಯಾಲೈತೆ ಅಂತ ಬರೆದಾರೆ. ಉತ್ತರ ಮ್ಯಾಲಾದ್ರೆ ಪೂರ್ವ ಬಲಕ್ಕೆ. ಮ್ಯಾಲಿನ ಬಲಮೂಲೆ ಈಶಾನ್ಯ. ನಮ್ಮ ಚುಕ್ಕಿ ಅಲ್ಲೇ ಐತೆ.” ದನಿ ತಗ್ಗಿತು. “ಇದು ಗೊತ್ತಿರೋದೇ ತಂಗಿ. ಯಾರೋ ಮೊದಲೇ ಕಂಡಾರೆ.”

ಮೂಲೆಯ ವಿಷಯದಲ್ಲಿ ಅವರ ಮಾತಿಗೆ ಎದುರಾಡುವುದು ನಮ್ಮ ಸೀಮೆಯಲ್ಲಿ ಯಾರಿಗೂ ಹೊಳೆಯುವುದಿಲ್ಲ. ನನಗೂ ಹೊಳೆಯಲಿಲ್ಲ.

“ಆಗ್ಲಿ ಬಿಡ್ರಿ” ಎಂದಳು ಪತ್ನಿ. ಮಾರನೆಯ ಬೆಳಿಗ್ಗೆ ನೋಡಿದರೆ ಕಿಟಕಿಯ ಸೀರೆ ಮಡಿಚಿ ಪೆಟ್ಟಿಗೆ ಸೇರಿತ್ತು. ನಡುಮನೆಯ ತುಂಬ ಬಿಸಿಲು. ಅವಳು ಮುನಿಸಿಕೊಳ್ಳಲಿಲ್ಲ, ಬೇಸರ ತೋಡಿಕೊಳ್ಳಲಿಲ್ಲ. ಲ್ಯಾಪ್‌ಟಾಪಿನ ಕಡೆ ಮಾತ್ರ ಸುಳಿಯಲಿಲ್ಲ. ಅದರ ಬದಲು ನನ್ನನ್ನು ಆಟೋ ಹತ್ತಿಸಿ ಕಣ್ಣಿನ ಡಾಕ್ಟರ ಬಳಿಗೆ ಕರೆದೊಯ್ದಳು. ಅವರು ದೀಪ ಹಾಯಿಸಿ ನೋಡಿ, ನನ್ನ ಎರಡೂ ಕಣ್ಣುಗಳಲ್ಲಿ ಪೊರೆ ಹಣ್ಣಾಗುತ್ತಿದೆ, ಹಾಗಾಗಿ ಬಿಳಿ, ಹಳದಿ, ಕಿತ್ತಳೆ ಎಲ್ಲ ಒಂದೇ ಆಗಿ ಕಾಣುತ್ತವೆ ಎಂದರು. ಹಿಂದಿರುಗುವಾಗ ಆಟೋದಲ್ಲಿ ಅವಳು ಉದ್ದಕ್ಕೂ ವಿನೋಬನಗರದ ಅಂಗಡಿಗಳ ಬೋರ್ಡುಗಳನ್ನು ನನಗೆ ಓದಿ ಹೇಳಿದಳು. “ನಿಮಗೆ ಕಾಣಲ್ಲ, ಬಿಡ್ರಿ” ಎಂದು ಒಂದೇ ಸಲ ಅಂದಳು; ಅದೂ ನಗುತ್ತಾ. ಆ ನಗುವಿನೊಳಗೆ ಹಿಂದಿನ ಬೆಳಗಿನ ಕುಣಿತ ಮಾತ್ರ ಇರಲಿಲ್ಲ.

ಕೆಲವು ದಿನಗಳ ಬಳಿಕ ಆಚಾರ್ಯರು ಮತ್ತೆ ಬಂದರು. ಬಂದದ್ದು ಪಂಚಾಂಗದ ಲೆಕ್ಕವೊಂದನ್ನು ನನ್ನೊಡನೆ ಚರ್ಚಿಸಲು. ಆದರೆ ಬಾತಿಯ ಬಳಿ ಬಸ್ಸು ಹಾರಿ ಕುಕ್ಕಿದ್ದರಿಂದ ಅವರ ಸೊಂಟ ಹಿಡಿದಿತ್ತು. ಕುರ್ಚಿಯಲ್ಲಿ ಕೂರಲಾರದೆ, “ಜಮಖಾನ ಹಾಸ್ರಿ, ನೆಲಕ್ಕೇ ಬೀಳ್ತೀನಿ” ಎಂದರು. ಹಾಸಿದೆವು. ನೋವಿನಲ್ಲಿಯೂ ಅವರು ದಿಕ್ಕು ಮರೆಯಲಿಲ್ಲ. ತಲೆ ದಕ್ಷಿಣಕ್ಕೆ, ಕಾಲು ಉತ್ತರಕ್ಕೆ ಬರುವಂತೆ ಅಳೆದು ಮಲಗಿದರು. ಉತ್ತರಕ್ಕೆ ತಲೆಯಿಟ್ಟು ಮಲಗಬಾರದೆಂಬುದು ನಮ್ಮೆಲ್ಲರ ಮನೆಗಳಲ್ಲಿ ತೊಟ್ಟಿಲಿನಿಂದಲೇ ಕಲಿಸುವ ಪಾಠ.

ಮಲಗಿದ ಸ್ವಲ್ಪ ಹೊತ್ತಿಗೇ ಅವರಿಗೆ ಬೇಸರ ಬಂತು. “ಮೇಷ್ಟ್ರೇ, ಆ ಚುಕ್ಕಿ ಮತ್ತೊಮ್ಮೆ ತೋರಿಸ್ರಿ. ಗೊತ್ತಿರೋದಾದ್ರೂ ಚಂದ ನಡೀತಿತ್ತು.”

ನಾನು ಲ್ಯಾಪ್‌ಟಾಪನ್ನು ಬಿಚ್ಚಿ, ಅವರ ಮುಖದ ಮೇಲೆ ಕವುಚಿ ಹಿಡಿದು ನಿಂತೆ.

“ಹಂಗಲ್ರೀ, ದಿಕ್ಕು ಸರಿಯಾಗಿ ಹಿಡೀರಿ. ಚಿತ್ರದ ಉತ್ತರ, ಖರೇ ಉತ್ತರದ ಕಡೆಗೆ ಇರ್ಲಿ. ಶಾಸ್ತ್ರ ಅಂದ್ರೆ ಶಾಸ್ತ್ರ.”

ಉತ್ತರ ಅವರ ಕಾಲಿನ ಕಡೆ. ಚಿತ್ರದ ಮೇಲಂಚು ಕಾಲಿನ ಕಡೆ ಬರುವಂತೆ ನಾನು ತಿರುಗಿಸಿ ಹಿಡಿದೆ. ಆಚಾರ್ಯರು ತಲೆಕೆಳಗಾದ ಆಕಾಶವನ್ನು ನೋಡಿದರು. ನೋಡುತ್ತಲೇ ಇದ್ದರು. ಆಮೇಲೆ ಎಡಗೈಯೆತ್ತಿ ಚುಕ್ಕಿಯನ್ನು ತೋರಿಸಿದರು. ಆ ಕೈ ತೋರಿಸುತ್ತಿದ್ದ ಕಡೆಗೆ ಕತ್ತು ಹೊರಳಿಸಿದರು.

“ಅಲ್ರೀ… ಅಲ್ಲಿ ಏನೈತೆ?”

“ಬಚ್ಚಲಮನೆ” ಎಂದೆ.

“ಬಚ್ಚಲಮನೆ ವಾಯವ್ಯದಾಗೆ ಅಲ್ಲೇನ್ರೀ ಇರೋದು? ದೇವರಮನೆ ಎಲ್ಲೈತೆ?”

“ನಿಮ್ಮ ಬಲಗಡೆ, ಕಾಲಿನ ಹತ್ರ. ಈಶಾನ್ಯದಾಗೆ.”

“ಹಂಗಾರೆ ಈಶಾನ್ಯದ ಚುಕ್ಕಿ ಬಚ್ಚಲಮನೆ ಮ್ಯಾಲೆ ಯಾಕ ಹೋತು?” ಅವರು ಗಾಬರಿಯಿಂದ ಅರ್ಧ ಎದ್ದರು. “ಮೇಷ್ಟ್ರೇ! ನಿಮ್ಮ ಮನೆ ವಾಸ್ತು ಕೆಟ್ಟೈತೆ!”

ಅಡುಗೆಮನೆಯಿಂದ ಪತ್ನಿ ಲಟ್ಟಣಿಗೆ ಹಿಡಿದೇ ಬಂದಳು. “ಏನಂದ್ರಿ ಆಚಾರ್ರೇ? ಈ ಮನೆಗೆ ಮೂಲೆ ತೋರಿಸ್ದೋರು ಯಾರ್ರಿ?”

ಆಚಾರ್ಯರು ಮತ್ತೆ ಮಲಗಿದರು. ನಾನು ಕವುಚಿ ಹಿಡಿದಿದ್ದ ಲ್ಯಾಪ್‌ಟಾಪಿನ ಕೆಳಗೆ ಅವಳೂ ಬಗ್ಗಿ ನೋಡಿದಳು. ಮೇಲಿನಿಂದ ನೋಡಿದಳು, ಕೆಳಗಿನಿಂದ ನೋಡಿದಳು. ಅವಳ ಹುಬ್ಬು ಮೇಲೇರಿತು.

“ಮನೆ ನಕ್ಷೆ ಹೆಂಗೆ ನೋಡ್ತೀರ್ರಿ? ಮ್ಯಾಲೆ ನಿಂತು ಕೆಳಗೆ ನೋಡ್ದಂಗೆ. ಆಕಾಶ ಹೆಂಗೆ ನೋಡ್ತೀರಿ? ಕೆಳಗಿಂದ ಮ್ಯಾಲಕ್ಕೆ! ರವಿಕೆ ಒಳಮೈ ತಿರುವಿದ್ರೆ ಬಲದ ತೋಳು ಎಡಕ್ಕೆ ಬರಲ್ವಾ? ಉತ್ತರ ಮ್ಯಾಲಿಟ್ರೆ ಆಕಾಶದಾಗೆ ಪೂರ್ವ ಎಡಗಡೆ ಬರ್ತೈತೆ!”

ಆಚಾರ್ಯರು ಕಣ್ಣು ಮುಚ್ಚಿ ಬೆರಳುಗಳನ್ನು ಗಾಳಿಯಲ್ಲಿ ಅತ್ತ ಇತ್ತ ತಿರುಗಿಸಿದರು. ಅವರ ಹೊಟ್ಟೆ ಮೆಲ್ಲಗೆ ಕುಲುಕತೊಡಗಿತು. ನಗು ಮೊದಲು ಹೊಟ್ಟೆಗೆ ಬಂದು ಆಮೇಲೆ ಬಾಯಿಗೆ ಬಂತು. “ಅಯ್ಯೋ, ಸೊಂಟ! ನಗಿಸಬ್ಯಾಡ್ರಿ! ನಾನು ಬ್ರಹ್ಮಾಂಡದ ಪಾಯನೇ ತಿರುವುಮುರುವು ಹಾಕಿಬಿಟ್ನಲ್ರೀ!”

“ಖಾತ್ರಿ ಮಾಡ್ಕಳ್ಳಾಣ” ಎಂದಳು ಪತ್ನಿ. ಚಿತ್ರವನ್ನು ತಲೆಕೆಳಗು ಮಾಡದೆ, ಉತ್ತರ ಮೇಲಕ್ಕೇ ಇಟ್ಟು ಓದಬೇಕಾದರೆ, ಮಲಗಿದವರ ತಲೆ ಉತ್ತರಕ್ಕೇ ಇರಬೇಕು. ಅವಳು ಲಟ್ಟಣಿಗೆಯನ್ನು ಪಕ್ಕಕ್ಕಿಟ್ಟು, ಸೆರಗು ಸಿಕ್ಕಿಸಿ, ಜಮಖಾನದ ಇನ್ನೊಂದು ಬದಿಗೆ ಹೋಗಿ ಉತ್ತರಕ್ಕೆ ತಲೆಯಿಟ್ಟು ಮಲಗಿದಳು.

“ತಂಗೀ, ಬ್ಯಾಡ! ಉತ್ತರಕ್ಕೆ ತಲೆ ಬ್ಯಾಡ!”

“ಮಲಗಾಕಲ್ರೀ, ನೋಡಾಕೆ. ನಿದ್ದೆ ಮಾಡಿದ್ರೆ ತಾನೆ ದೋಷ? ರೀ, ಹಿಡೀರಿ ಇಲ್ಲಿ.”

ನಾನು ಹಿಡಿದೆ. “ಎಡಗೈ ಕಡೆ ಕಿಟಕಿ ಐತೆ, ಬಿಸಿಲು ಬರ್ತೈತೆ. ಪೂರ್ವ ಎಡಕ್ಕೆ, ಬರಾಬರ್!” ಎಂದು ಅವಳು ಕೂಗಿದಳು. ನನಗೂ ತಡೆಯಲಾಗಲಿಲ್ಲ. ಆಯುಷ್ಯವೆಲ್ಲ ಮಲಗದ ದಿಕ್ಕಿಗೆ ತಲೆಯಿಟ್ಟು, ಶಿವನನ್ನು ನೆನೆಯುತ್ತ ಅವಳ ಪಕ್ಕದಲ್ಲಿ ಮಲಗಿಬಿಟ್ಟೆ. ಲ್ಯಾಪ್‌ಟಾಪನ್ನು ನಾವಿಬ್ಬರೂ ಸೇರಿ ಮುಖದ ಮೇಲೆ ಎತ್ತಿ ಹಿಡಿದೆವು. ನಮ್ಮೂರಿನವರು ಆಕಾಶವನ್ನು ಸರಿಯಾದ ದಿಕ್ಕಿನಲ್ಲಿ ನೋಡದೇ ಇರಲು ಕಾರಣ ಈಗ ತಿಳಿಯಿತೆಂದು ನಾನು ಹೇಳಿದ್ದಕ್ಕೆ ಆಚಾರ್ಯರಿಗೆ ಮತ್ತೊಂದು ಸುತ್ತು ನಗು ಬಂದು, ಅವರು ಸೊಂಟ ಹಿಡಿದುಕೊಂಡು ನರಳುತ್ತ ನಕ್ಕರು, ನಗುತ್ತ ನರಳಿದರು.

ಸರಿಯಾಗಿ ಅದೇ ಹೊತ್ತಿಗೆ ಎದುರುಮನೆಯಾಕೆ ಮೊಸರಿಗೆ ಹೆಪ್ಪು ಕೇಳಲು ಬಟ್ಟಲು ಹಿಡಿದು ಒಳಗೆ ಬಂದರು. ಮೂರು ಮುದಿಜೀವಗಳು ನೆಲದ ಮೇಲೆ ಅಂಗಾತ. ಇಬ್ಬರ ತಲೆ ಉತ್ತರಕ್ಕೆ. ಒಬ್ಬರ ಬಾಯಿಂದ ನರಳಾಟ. ಬಟ್ಟಲು ಠಣ್ಣನೆ ಬಿತ್ತು.

“ಅಯ್ಯೋ ಶಿವನೇ! ಏನಾತ್ರೀ? ಗ್ಯಾಸ್ ಸೋರಿತಾ?”

“ಏನಿಲ್ಲ ಬಾರವ್ವಾ” ಎಂದಳು ಪತ್ನಿ, ಮಲಗಿದಲ್ಲಿಂದಲೇ. “ಪೂರ್ವ ಹುಡುಕ್ತಿದ್ವಿ.”

ಆಕೆ ನಮ್ಮ ಕಿಟಕಿಯಲ್ಲಿ ಧಗಧಗಿಸುತ್ತಿದ್ದ ಸೂರ್ಯನನ್ನು ನೋಡಿದರು, ನಮ್ಮನ್ನು ನೋಡಿದರು, ಮತ್ತೆ ಸೂರ್ಯನನ್ನು ನೋಡಿದರು. ಹೆಪ್ಪು ಕೇಳದೆಯೇ ಹೊರಟುಹೋದರು. ಸಂಜೆಯೊಳಗೆ ನಮ್ಮ ಬೀದಿಯಲ್ಲಿ ಈ ಸುದ್ದಿ ಯಾವ ರೂಪ ತಾಳಿತೆಂಬುದನ್ನು ಇಲ್ಲಿ ಬರೆಯುವುದು ಗೌರವಕ್ಕೆ ತಕ್ಕದ್ದಲ್ಲ.

ಆಗ ಉಳಿದದ್ದು ಒಂದೇ ಪ್ರಶ್ನೆ. ನಮ್ಮ ಚುಕ್ಕಿ ವಾಯವ್ಯದ್ದಾದರೆ, ಪಟ್ಟಿ ಹೇಳುವ ಈಶಾನ್ಯದ ಕುಬ್ಜ ಎಲ್ಲಿ? ಅದು ಎಡಗಡೆಯ ಮೇಲಿನ ಮೂಲೆಯಲ್ಲಿರಬೇಕು. ಪತ್ನಿ ಎದ್ದು ಕುಳಿತು, ಕಣ್ಣಿಗೆ ತಣ್ಣೀರು ಹಾಕಿಕೊಂಡು, ಪರದೆಯನ್ನು ಮೊದಲಿನಂತೆ ಮೇಜಿನ ಮೇಲಿಟ್ಟು, ಆ ಮೂಲೆಯನ್ನು ಸಾಲು ಸಾಲಾಗಿ ನೋಡಿದಳು. ಪಟ್ಟಿಯ ಕುಬ್ಜ ಅಲ್ಲಿ ಇರದಿದ್ದರೆ ನಮ್ಮ ಹೊಸ ದಿಕ್ಕಿನ ಲೆಕ್ಕವೇ ತಪ್ಪು, ಅವಳ ಚುಕ್ಕಿಯೇ ಅದು. ಇದ್ದರೆ ಅವಳ ಚುಕ್ಕಿ ಯಾರ ಪಟ್ಟಿಯಲ್ಲೂ ಇಲ್ಲದ್ದು.

“ಐತೆ” ಎಂದಳು, ಬಹಳ ಮೆಲ್ಲಗೆ. “ಇದು ಸ್ವಲ್ಪ ದಪ್ಪ ಐತೆ. ಬಣ್ಣ ಕಡಿಮೆ, ಅವತ್ತು ಕಣ್ಣಿಗೆ ಬಿದ್ದಿರ್ಲಿಲ್ಲ. ಇದೂ ಹೊಂಟೈತೆ.” ಆಮೇಲೆ ಇನ್ನೂ ಮೆಲ್ಲಗೆ, “ರೀ, ಎರಡೂ ಒಂದೇ ಕಡೆಗೆ ಹೊಂಟಾವೆ. ಒಂದೇ ಹೆಜ್ಜೆ.”

ಆಚಾರ್ಯರು ಸೊಂಟದ ನೋವು ಮರೆತು ಎದ್ದು ಬಂದು ನೋಡಿದರು. ಎರಡೂ ಚುಕ್ಕಿಗಳು ಚೌಕದ ಎರಡು ಮೂಲೆಗಳಲ್ಲಿ, ಜಾತ್ರೆಯ ನೂಕುನುಗ್ಗಲಲ್ಲಿ ಅಷ್ಟು ದೂರ ಉಳಿದರೂ ಒಂದೇ ಊರಿಗೆ ಹೊರಟವರಂತೆ, ಒಂದೇ ಓಟದಲ್ಲಿ ಸರಿಯುತ್ತಿದ್ದವು. ಆಚಾರ್ಯರು ಹೆಗಲ ಮೇಲಿನ ಉತ್ತರೀಯದಿಂದ ಮುಖ ಒರೆಸಿಕೊಂಡರು.

ಅಂದೇ ಬರೆದು ಕಳಿಸಿದೆವು. ಟೈಪಿಸಿದವನು ನಾನು, ಒಂದೊಂದು ವಾಕ್ಯವನ್ನೂ ಅವಳು ನಾಲ್ಕು ಸಲ ಓದಿಸಿದಳು. ರಾಹುಕಾಲ ಕಳೆಯಲಿ ಎಂದು ಆಚಾರ್ಯರು ಹಟ ಹಿಡಿದದ್ದರಿಂದ ಕಳಿಸುವ ಗುಂಡಿ ಒತ್ತಲು ಸ್ವಲ್ಪ ತಡವಾಯಿತು. ಆ ಹೊತ್ತಿನಲ್ಲಿ ಅವಳು ಗಿರ್ಮಿಟ್ ಕಲಸಿ ಕೊಟ್ಟಳು. ಮೂವರೂ ಮಂಡಕ್ಕಿ ಅಗಿಯುತ್ತ ಗಡಿಯಾರದ ಮುಳ್ಳನ್ನೇ ನೋಡುತ್ತ ಕುಳಿತೆವು. ಗುಂಡಿ ಒತ್ತಿದವಳು ಅವಳು.

ಉತ್ತರ ಬರಲು ವಾರಗಳೇ ಹಿಡಿದವು. ಆ ನಡುವೆ ಅವಳು ದಿನಕ್ಕೆ ಹಲವು ಸಲ ಲ್ಯಾಪ್‌ಟಾಪಿನ ಮುಚ್ಚಳ ಎತ್ತಿ ನೋಡುವುದು, ಏನೂ ಇಲ್ಲವೆಂದು ಮುಚ್ಚುವುದು ನಡೆದೇ ಇತ್ತು. ಕಳಿಸಿದ್ದು ತಪ್ಪಾಗಿದ್ದರೆ, ಅದೂ ಮಸೂರದ ಛಾಯೆಯಾಗಿದ್ದರೆ ಎಂದು ಒಮ್ಮೆ ಮಾತ್ರ ಕೇಳಿದಳು. ನಾನು ಧೈರ್ಯ ಹೇಳಲು ಹೋದೆ. “ಸುಮ್ನಿರ್ರಿ, ನಿಮ್ಮ ಭೂತಗಳಿಗೂ ನೀವು ಹಿಂಗೇ ಧೈರ್ಯ ಹೇಳಿದ್ರಿ” ಎಂದಳು.

ಒಂದು ಬೆಳಿಗ್ಗೆ ಉತ್ತರ ಬಂತು. ಆ ಹೊತ್ತಿಗೆ ನನ್ನ ಬಲಗಣ್ಣಿನ ಆಪರೇಶನ್ ಆಗಿತ್ತು. ಓದುವ ಹೊಣೆಯನ್ನು ನನಗೆ ಬಿಟ್ಟು ಅವಳು ಕಣ್ಣು ಮುಚ್ಚಿ ನಿಂತಳು. ಇಂಗ್ಲಿಷಿನ ಒಂದೊಂದು ವಾಕ್ಯವನ್ನೂ ಕನ್ನಡದಲ್ಲಿ ಹೇಳುತ್ತ ಹೋದೆ. ತಾವು ಕಂಡ ಕಾಯ ನಿಜವಾದದ್ದು. ಅದು ಯಾವ ಪಟ್ಟಿಯಲ್ಲಿಯೂ ಇಲ್ಲ. ನಮಗೆ ಗೊತ್ತಿರುವಮಟ್ಟಿಗೆ ತಮಗಿಂತ ಮೊದಲು ಅದನ್ನು ಯಾರೂ ಗುರುತಿಸಿಲ್ಲ. ಪಟ್ಟಿಯಲ್ಲಿದ್ದ ಕುಬ್ಜದ ಸಂಗಾತಿಯೇ ಇದಾಗಿರುವ ಸಂಭವವಿದೆ. ಅದಕ್ಕಿಂತ ಬಹಳ ತಣ್ಣಗಿದೆ. ಅದರ ಕಾವು ಕಾದ ರೊಟ್ಟಿಹಂಚಿನ ಕಾವಿನಷ್ಟಿರಬಹುದು. ಹಂಚಿನ ಮಾತು ನನ್ನದು; ಅವರು ಒಲೆಯೆಂದು ಬರೆದಿದ್ದರು.

ಅವಳು ಕಣ್ಣು ತೆರೆದಳು. “ರೊಟ್ಟಿಹಂಚಾ?” ಎಂದಳು. “ನಕ್ಷತ್ರದ ಮ್ಯಾಲೆ ರೊಟ್ಟಿ ಬೇಯಿಸಬೋದಾ?” ಆಮೇಲೆ ಅವಳಿಗೆ ಬಂದ ನಗುವನ್ನು ನಾನು ನಮ್ಮ ಮದುವೆಯ ಆರತಕ್ಷತೆಯಲ್ಲಿಯೂ ಕಂಡಿರಲಿಲ್ಲ. ನಕ್ಕು ನಕ್ಕು ಬಿಕ್ಕಳಿಕೆ ಹತ್ತಿತು. ನೀರು ಕುಡಿಸಿದರೆ ನೀರಿನೊಡನೆ ನಕ್ಕಳು. ಹರಿಹರಕ್ಕೆ ಫೋನು ಮಾಡಿದರೆ ಬಿಕ್ಕಳಿಕೆಯಲ್ಲಿ ಮಾತೇ ಹೊರಡದೆ, ಆಚೆಯಿಂದ ಆಚಾರ್ಯರು “ಯಾಕ ತಂಗಿ ಅಳ್ತೀ? ಏನಾತು? ಭೂತನಾ?” ಎಂದು ಅರಚುವುದು ನನಗೂ ಕೇಳಿಸಿತು. ನಾನು ಫೋನು ಇಸಿದುಕೊಂಡು ವಿಷಯ ತಿಳಿಸಿದೆ. ಆ ಬಳಿಕ ಅವರ ಬೀದಿಗೆಲ್ಲ ಸುದ್ದಿ ತಿಳಿಸುವ ಕೆಲಸವನ್ನು ಬೇರೆ ಯಾರೂ ಮಾಡಬೇಕಾಗಿರಲಿಲ್ಲ.

ಓದಿ ಮುಗಿಯಿತೆಂದು ನಾನು ಮುಚ್ಚಳ ಹಾಕಲು ಹೋದೆ. “ಇನ್ನೂ ಐತಲ್ರೀ, ಕೆಳಗೆ” ಎಂದಳು. ನಿಜ, ಕೊನೆಯಲ್ಲಿ ಇನ್ನೂ ಎರಡು ಸಾಲು ಉಳಿದಿದ್ದವು. ಇಂಥ ಜೋಡಿಗಳ ಜೊತೆಗೆ ಕೆಲವೊಮ್ಮೆ ಮೂರನೆಯದೂ ದೂರದಲ್ಲಿ ಸಾಗುತ್ತಿರುವುದುಂಟು. ಸುತ್ತಲಿನ ಚೌಕಗಳಲ್ಲಿ ನಮ್ಮ ಯಂತ್ರಗಳಿಗೆ ಏನೂ ಸಿಕ್ಕಿಲ್ಲ. ಆದರೆ ಇದನ್ನೂ ಅವು ಕಂಡಿರಲಿಲ್ಲ. ಬಿಡುವಿದ್ದರೆ ತಾವು ಒಮ್ಮೆ ನೋಡಿ ಹೇಳಬಹುದೇ?

“ಯಾರನ್ನ ಕೇಳ್ಯಾರೆ?” ಎಂದಳು.

“ನಿನ್ನನ್ನೇ.”

“ಇನ್ನೊಂದು ಸಲ ಓದ್ರಿ.”

ಓದಿದೆ. ಅವಳು ಬಿಕ್ಕಳಿಕೆ ನಿಲ್ಲುವವರೆಗೆ ಕಾದು, ಮುಖ ತೊಳೆದು, ಹಣೆಗೆ ಹೊಸದಾಗಿ ವಿಭೂತಿ ಧರಿಸಿ ಬಂದು ಕುರ್ಚಿಯಲ್ಲಿ ಕುಳಿತಳು. ನಾನು ಪೆಟ್ಟಿಗೆಯಿಂದ ಸೀರೆ ತಂದು ಕಿಟಕಿಗೆ ಕಟ್ಟಲು ಗಂಟು ಹುಡುಕುತ್ತಿದ್ದೆ.

“ಅದು ಆಮ್ಯಾಲೆ ಕಟ್ರಿ. ಒಲಿ ಮ್ಯಾಲೆ ಸಾರು ಐತೆ, ಹೋಗಿ ನೋಡ್ರಿ ಜಲ್ದಿ” ಎಂದಳು, ಪರದೆಯಿಂದ ಕಣ್ಣು ಕೀಳದೆ.

ಹೋಗಿ ನೋಡುವಷ್ಟರಲ್ಲಿ ಸಾರು ಉಕ್ಕಿ ಒಲೆಯ ತುಂಬ ಹರಿದಿತ್ತು. ಒರೆಸುತ್ತ ನಿಂತೆ. ನಡುಮನೆಯಿಂದ ಗುಂಡಿ ಒತ್ತುವ ಸದ್ದು ಮಾತ್ರ, ಒಂದೊಂದಾಗಿ, ನಿಧಾನವಾಗಿ ಕೇಳುತ್ತಿತ್ತು.